ಮೊದಲು ಮೀಟರ್, ಆಮೇಲೆ ಕೈ: ಚಪ್ಪಟೆ ಟಿವಿ ರಿಪೇರಿಯ ಪ್ರಶ್ನೆಗಳು

ಪಿಕ್ಚರ್ ಟ್ಯೂಬ್ ಇದ್ದ ಹಳೆಯ ಟಿವಿಯ ಬೆನ್ನು ಬಿಚ್ಚುವಾಗ ಎಂಥ ಪಳಗಿದ ಮೆಕ್ಯಾನಿಕ್ಕನೂ ಒಂದು ಕ್ಷಣ ತಡೆಯುತ್ತಿದ್ದ. ಕಲರ್ ಟ್ಯೂಬಿನ ಆನೋಡ್‌ಗೆ ಹೋಗುವ ದಪ್ಪ ವೈರಿನಲ್ಲಿ 25,000 ವೋಲ್ಟ್ ಆಸುಪಾಸು ಇರುತ್ತದೆ ಎಂಬುದು ಆ ಕಸುಬಿನ ಮೊದಲ ಪಾಠವಾಗಿತ್ತು. ಚಪ್ಪಟೆ ಪರದೆ ಬಂದ ಮೇಲೆ ಆ ವೈರು ಹೋಯಿತು, ಜೊತೆಗೆ ಆ ಎಚ್ಚರವೂ ಹೋಯಿತು. ಎಲ್‌ಇಡಿ ಟಿವಿಯಲ್ಲಿ ಇರುವುದೆಲ್ಲ ಹನ್ನೆರಡು ವೋಲ್ಟು, ಅದೇನು ಮಾಡೀತು ಎನ್ನುವ ಧೈರ್ಯ ರಿಪೇರಿ ಅಂಗಡಿಗಳಲ್ಲೂ ಮನೆಯಲ್ಲೇ ಕೈ ಹಾಕುವ ಉತ್ಸಾಹಿಗಳಲ್ಲೂ ಕಾಣುತ್ತದೆ. ಅದೇ ಕಾಲಕ್ಕೆ ಇನ್ನೊಂದು ಅಭ್ಯಾಸವೂ ಬೆಳೆಯಿತು: ದೋಷ ಎಲ್ಲಿದೆ ಎಂದು ಹುಡುಕುವುದನ್ನು ಬಿಟ್ಟು ಒಂದೊಂದೇ ಬೋರ್ಡು ಬದಲಿಸಿ ನೋಡುವುದು. ಮೊದಲನೆಯದು ಸುರಕ್ಷತೆಯ ಮಾತು, ಎರಡನೆಯದು ಕೌಶಲದ ಮಾತು ಎಂದು ಇವನ್ನು ಬೇರೆಬೇರೆ ಇಟ್ಟು ನೋಡುವುದೇ ರೂಢಿ. ನನಗೆ ಕಾಣುವಂತೆ ಎರಡಕ್ಕೂ ಬೇರು ಒಂದೇ, ಅಳತೆ ಮಾಡದೆ ಮುಟ್ಟುವುದು. ಜೀವ ಕಾಯುವ ಅಳತೆಗಳೇ ದೋಷವನ್ನೂ ತೋರಿಸುತ್ತವೆ. ಅವನ್ನು ಬಿಟ್ಟವನಿಗೆ ಎರಡೂ ಕೈತಪ್ಪುತ್ತವೆ.

ಇದಕ್ಕೆ ಸಾಕ್ಷಿ ಪವರ್ ಸಪ್ಲೈ ಬೋರ್ಡಿನಲ್ಲೇ ಇದೆ. ನಮ್ಮ ಮನೆಯ 230 ವೋಲ್ಟ್ ಎಸಿ ಕರೆಂಟು ಬ್ರಿಡ್ಜ್ ರೆಕ್ಟಿಫೈಯರ್ ದಾಟಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗುತ್ತದೆ. ದೊಡ್ಡ ಸೆಟ್‌ಗಳಲ್ಲಿ ಪಿಎಫ್‌ಸಿ ಎಂಬ ಹಂತ ಅದನ್ನು 380ರಿಂದ 400 ವೋಲ್ಟ್‌ವರೆಗೆ ಏರಿಸುತ್ತದೆ. ಈ ವೋಲ್ಟೇಜನ್ನು ಹಿಡಿದಿಟ್ಟುಕೊಳ್ಳುವುದು 450 ವೋಲ್ಟ್ ಎಂದು ಮೈಮೇಲೆ ಬರೆದಿರುವ ದಪ್ಪ ಫಿಲ್ಟರ್ ಕೆಪಾಸಿಟರ್. ಸೆಟ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಪ್ಲಗ್ ಕಿತ್ತ ಮೇಲೆ ಈ ಚಾರ್ಜನ್ನು ಸಪ್ಲೈ ತಾನೇ ಬಳಸಿ ಮುಗಿಸುತ್ತದೆ. ಸಪ್ಲೈ ಕೆಟ್ಟು ಆಸಿಲೇಟರ್ ನಿಂತುಹೋಗಿದ್ದರೆ ಬಳಸುವವರೇ ಇಲ್ಲ, ಚಾರ್ಜು ಅಲ್ಲೇ ಕೂತಿರುತ್ತದೆ. ಎಂದರೆ ರಿಪೇರಿಗೆಂದು ಮೇಜಿನ ಮೇಲೆ ಬರುವ ಸೆಟ್ಟೇ ಸರಿಯಿರುವ ಸೆಟ್‌ಗಿಂತ ಹೆಚ್ಚು ಅಪಾಯದ್ದು. ಈಗ ಆ ಕೆಪಾಸಿಟರಿನ ಎರಡು ಕಾಲುಗಳ ಮೇಲೆ ಮೀಟರ್ ಇಟ್ಟು ನೋಡಿ. ಪ್ಲಗ್ ಕಿತ್ತು ನಿಮಿಷ ಕಳೆದರೂ ಮುನ್ನೂರರ ಹತ್ತಿರ ತೋರಿಸಿದರೆ ಮುಟ್ಟಬಾರದು ಎಂಬ ಎಚ್ಚರಿಕೆ ಒಂದು ಕಡೆ. ಇನ್ನೊಂದು ಕಡೆ ಫ್ಯೂಸ್ ಸರಿಯಿದೆ, ಬ್ರಿಡ್ಜ್ ಸರಿಯಿದೆ, ಸ್ವಿಚಿಂಗ್ ಮಾತ್ರ ನಡೆಯುತ್ತಿಲ್ಲ ಎಂಬ ತೀರ್ಮಾನವೂ ಕೈಗೆ ಬಂತು. ಪ್ಲಗ್ ಹಾಕಿದ್ದರೂ ಸೊನ್ನೆ ಎಂದರೆ ದೋಷ ಅದಕ್ಕಿಂತ ಹಿಂದೆ, ಫ್ಯೂಸ್ ಅಥವಾ ಇನ್‌ಪುಟ್ ಭಾಗದಲ್ಲಿ. ಹೀಗೆ ಒಂದೇ ಅಳತೆ ಜೀವಕ್ಕೂ ರೋಗನಿರ್ಣಯಕ್ಕೂ ಉತ್ತರ ಕೊಡುತ್ತದೆ.

ಕೆಪಾಸಿಟರನ್ನು ಖಾಲಿ ಮಾಡುವ ರೀತಿಯಲ್ಲೂ ಈ ಶಿಸ್ತಿನ ವ್ಯತ್ಯಾಸ ಎದ್ದು ಕಾಣುತ್ತದೆ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಟಪ್ ಎನಿಸಿ ಡಿಸ್ಚಾರ್ಜ್ ಮಾಡುವುದು ಬಹುಕಾಲದ ಪದ್ಧತಿ. ಇಷ್ಟು ವರ್ಷ ಮಾಡಿದ್ದೇವೆ, ಏನೂ ಆಗಿಲ್ಲ ಎನ್ನುವವರಿಗೆ ಲೆಕ್ಕವನ್ನೇ ಮುಂದಿಡಬಹುದು. 100 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 390 ವೋಲ್ಟ್‌ನಲ್ಲಿ ಏಳೂವರೆ ಜೌಲ್‌ನಷ್ಟು ಶಕ್ತಿ ಹಿಡಿದಿರುತ್ತದೆ. ಅದು ಒಮ್ಮೆಲೇ ಹರಿದರೆ ಬೋರ್ಡಿನ ತಾಮ್ರದ ಗೆರೆ ಸುಟ್ಟುಹೋಗಬಹುದು, ಕಿಡಿ ಕಣ್ಣಿಗೆ ಹಾರಬಹುದು, ಕೆಪಾಸಿಟರಿನ ಒಳಗಿನ ಜೋಡಣೆಗೂ ಪೆಟ್ಟು. ಅದೇ ಜಾಗದಲ್ಲಿ 2.2 ಕಿಲೋಓಮ್‌ನ, ಐದು ಅಥವಾ ಹತ್ತು ವ್ಯಾಟಿನ ವೈರ್‌ವೌಂಡ್ ರೆಸಿಸ್ಟರ್ ಒಂದಕ್ಕೆ ಇನ್ಸುಲೇಟೆಡ್ ಪ್ರೋಬ್ ಹಾಕಿಕೊಂಡರೆ ಎರಡು ಸೆಕೆಂಡಿನೊಳಗೆ ಕೆಲಸ ಶಾಂತವಾಗಿ ಮುಗಿಯುತ್ತದೆ. ಆಮೇಲೆ ಮತ್ತೊಮ್ಮೆ ಮೀಟರಿನಲ್ಲಿ ನೋಡಬೇಕು, ಏಕೆಂದರೆ ರೆಸಿಸ್ಟರಿನ ಒಂದು ಕಾಲು ಬಿಟ್ಟಿದ್ದರೂ ಡಿಸ್ಚಾರ್ಜ್ ಮಾಡಿದ ಭ್ರಮೆ ಉಳಿಯುತ್ತದೆ. ಆ ಮೀಟರೇ ಸರಿಯಿದೆಯೇ ಎಂಬುದನ್ನೂ ಗೊತ್ತಿರುವ ವೋಲ್ಟೇಜಿನ ಮೇಲೆ ಮೊದಲೇ ಖಚಿತಪಡಿಸಿಕೊಂಡಿರಬೇಕು. ಹಿಂದಿನ ಬಾರಿ ಆಂಪ್ಸ್ ಅಳೆದು ಕೆಂಪು ಪ್ರೋಬನ್ನು ಅದೇ ತೂತಿನಲ್ಲಿ ಬಿಟ್ಟಿದ್ದರೆ ಮೀಟರೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ಎಲ್ಲಕ್ಕಿಂತ ಕಡಿಮೆ ಅರ್ಥವಾಗಿರುವ ವಿಷಯ ಹಾಟ್ ಮತ್ತು ಕೋಲ್ಡ್ ಭಾಗಗಳದ್ದು. ಪವರ್ ಸಪ್ಲೈ ಬೋರ್ಡನ್ನು ತಿರುಗಿಸಿದರೆ ಟ್ರಾನ್ಸ್‌ಫಾರ್ಮರಿನ ಕೆಳಗೆ ತಾಮ್ರವೇ ಇಲ್ಲದ ಒಂದು ಬೋಳು ಪಟ್ಟೆ ಕಾಣುತ್ತದೆ, ಕೆಲವು ಬೋರ್ಡುಗಳಲ್ಲಿ ಅಲ್ಲಿ ಕೊರೆದು ಸಂದಿಯನ್ನೇ ಬಿಟ್ಟಿರುತ್ತಾರೆ. ಆ ಪಟ್ಟೆಯ ಈಚೆಗಿರುವುದೆಲ್ಲ ನೇರವಾಗಿ ಮೇನ್ಸ್‌ಗೆ ಸೇರಿದ್ದು, ಆಚೆಗಿರುವುದು ಚಾಸಿಗೆ ಸೇರಿದ್ದು. ಹಾಟ್ ಭಾಗದ ನೆಗೆಟಿವ್ ಅನ್ನು ಗ್ರೌಂಡ್ ಎಂದು ತಿಳಿದವನು ಅಲ್ಲೇ ಎಡವುತ್ತಾನೆ, ಏಕೆಂದರೆ ಅದು ಭೂಮಿಗೆ ಹೋಲಿಸಿದರೆ ಪ್ರಾಣ ತೆಗೆಯುವಷ್ಟು ವೋಲ್ಟೇಜಿನಲ್ಲಿರುತ್ತದೆ. ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ ಅಲ್ಲಿಗೆ ಹಾಕಿದರೆ ಅರ್ತ್ ಮೂಲಕ ದೊಡ್ಡ ಶಾರ್ಟ್. ಮೀಟರಿನ ಕಪ್ಪು ಪ್ರೋಬನ್ನು ಚಾಸಿಗೆ ಕೊಟ್ಟು ಹಾಟ್ ಭಾಗವನ್ನು ಅಳೆದರೆ ಜೀವ ಉಳಿದರೂ ಬರುವ ಅಂಕಿ ಸುಳ್ಳು, ಆ ಸುಳ್ಳು ಅಂಕಿಯನ್ನು ನಂಬಿ ಚೆನ್ನಾಗಿರುವ ಐಸಿ ಕಿತ್ತು ಹಾಕುವುದು ಮುಂದಿನ ಹೆಜ್ಜೆ. ಅಪಾಯ ಮತ್ತು ತಪ್ಪು ನಿರ್ಣಯ ಒಂದೇ ಅಜ್ಞಾನದಿಂದ ಹುಟ್ಟುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು. ಮನೆಯಲ್ಲಿ ಆರ್‌ಸಿಸಿಬಿ ಇದೆಯಲ್ಲ, ಅದು ಕಾಪಾಡುತ್ತದೆ ಎನ್ನುವ ಆಕ್ಷೇಪ ಇಲ್ಲಿ ಬರುತ್ತದೆ. ಅದು ನೋಡುವುದು ಭೂಮಿಗೆ ಸೋರುವ ಕರೆಂಟನ್ನು ಮಾತ್ರ. ಕೆಪಾಸಿಟರಿನ ಪ್ಲಸ್ಸನ್ನು ಒಂದು ಕೈಯಲ್ಲಿ, ಮೈನಸ್ಸನ್ನು ಇನ್ನೊಂದು ಕೈಯಲ್ಲಿ ಮುಟ್ಟಿದವನ ಎದೆಯ ಮೂಲಕ ಹರಿಯುವುದು ಅದರ ಕಣ್ಣಿಗೆ ಬೀಳುವುದಿಲ್ಲ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬಳಸಿದರೆ ಒಂದು ತುದಿ ಮುಟ್ಟಿದಾಗಿನ ಅಪಾಯ ತಪ್ಪುತ್ತದೆ, ಎರಡು ತುದಿ ಮುಟ್ಟಿದಾಗಿನದು ತಪ್ಪುವುದಿಲ್ಲ. ಹಾಗಾಗಿ ಒಂದು ಕೈ ಜೇಬಿನಲ್ಲಿಟ್ಟು ಅಳೆಯುವ ಹಳೆಯ ನಿಯಮವನ್ನು ಯಾವ ಉಪಕರಣವೂ ಬದಲಿಸಿಲ್ಲ. ಚಪ್ಪಟೆ ಸೆಟ್‌ಗಳಲ್ಲೂ ಹಳೆಯವಕ್ಕೆ ಈ ನಿಯಮ ಇನ್ನೂ ಹೆಚ್ಚು ಬೇಕು: ಸಿಸಿಎಫ್ಎಲ್ ಟ್ಯೂಬಿನ ಎಲ್‌ಸಿಡಿಗಳಲ್ಲಿ ಇನ್ವರ್ಟರ್ ಸಾವಿರ ವೋಲ್ಟ್ ದಾಟುತ್ತದೆ, ಪ್ಲಾಸ್ಮಾ ಸೆಟ್‌ನ ಸಸ್ಟೇನ್ ಬೋರ್ಡುಗಳಲ್ಲಿ 200 ವೋಲ್ಟ್ ಆಸುಪಾಸು ಇರುತ್ತದೆ. ಪ್ಲಾಸ್ಮಾ ತಯಾರಿಕೆಯನ್ನು ದೊಡ್ಡ ಕಂಪನಿಗಳು 2013-14ರಲ್ಲೇ ಕೈಬಿಟ್ಟವು, ಆದರೂ ಅಲ್ಲೊಂದು ಇಲ್ಲೊಂದು ಸೆಟ್ ಇನ್ನೂ ಮೇಜಿಗೆ ಬರುತ್ತದೆ.

ಬಡ ಅಂಗಡಿಯ ಸಾಧನ ಎಂದು ಕೆಲವರು ಕಡೆಗಣಿಸುವ ಸೀರೀಸ್ ಬಲ್ಬ್ ನಿಜಕ್ಕೂ ಬಹಳ ಜಾಣ ಉಪಾಯ. ಟಿವಿಗೆ ಹೋಗುವ ಫೇಸ್ ವೈರಿನ ನಡುವೆ 60 ಅಥವಾ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್ ಒಂದನ್ನು ಸೇರಿಸುವುದು, ಅಷ್ಟೇ. ಸ್ವಿಚ್ ಹಾಕಿದ ಕೂಡಲೇ ಒಮ್ಮೆ ಮಿನುಗಿ ಮಂಕಾದರೆ ಕೆಪಾಸಿಟರ್ ತುಂಬಿಕೊಂಡಿತು, ಪ್ರೈಮರಿಯಲ್ಲಿ ಶಾರ್ಟ್ ಇಲ್ಲ. ಪೂರ್ತಿ ಬೆಳಗಿ ಹಾಗೇ ನಿಂತರೆ ಬ್ರಿಡ್ಜ್ ಅಥವಾ ಮಾಸ್‌ಫೆಟ್ ಶಾರ್ಟ್ ಆಗಿದೆ, ಆದರೆ ಬಲ್ಬ್ ಇದ್ದುದರಿಂದ ಹೊಸದಾಗಿ ಹಾಕಿದ ಭಾಗ ಸುಡಲಿಲ್ಲ. ಮಂಕಾಗುವುದು ಬೆಳಗುವುದು ತಾಳ ಹಾಕಿದಂತೆ ನಡೆದರೆ ಸಪ್ಲೈ ಎದ್ದು ಎದ್ದು ಬೀಳುತ್ತಿದೆ, ಸೆಕೆಂಡರಿಯಲ್ಲಿ ಹೊರೆ ಹೆಚ್ಚಾಗಿರಬಹುದು. ಆದರೆ ಕಡಿಮೆ ವ್ಯಾಟಿನ ಬಲ್ಬ್ ಹಾಕಿ ದೊಡ್ಡ ಸೆಟ್ ಆನ್ ಮಾಡಿದರೂ ಹೀಗೇ ಆಗುತ್ತದೆ ಎಂಬುದು ನೆನಪಿರಲಿ. ಈ ಬಲ್ಬ್ ಕರೆಂಟನ್ನು ಮಿತಿಗೊಳಿಸುತ್ತದೆಯೇ ಹೊರತು ಷಾಕ್‌ನಿಂದ ಕಾಪಾಡುವುದಿಲ್ಲ. ಇದೇ ಬಲ್ಬ್ ಇಲ್ಲದ ಕಡೆ ನಡೆಯುವ ಅನಾಹುತ ಎಂದರೆ ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವುದು. ಫ್ಯೂಸಿನ ಗಾಜು ಒಳಗೆ ಕಪ್ಪಾಗಿದ್ದರೆ ಭಾರಿ ಶಾರ್ಟ್ ಆಗಿದೆ ಎಂದು ಅದು ಹೇಳುತ್ತಿರುತ್ತದೆ. ಆ ಮಾತು ಕೇಳದೆ ತಂತಿ ಹಾಕಿದರೆ ಬೋರ್ಡೇ ಫ್ಯೂಸಾಗುತ್ತದೆ, ಬೆಂಕಿಗೂ ದಾರಿ. ಇನ್‌ಪುಟ್ಟಿನ ಎಕ್ಸ್ ಮತ್ತು ವೈ ಕೆಪಾಸಿಟರುಗಳು, ಉರಿಯದ ಫ್ಯೂಸಿಬಲ್ ರೆಸಿಸ್ಟರುಗಳು, ಆಪ್ಟೋಕಪ್ಲರ್ ಇವೆಲ್ಲ ಅದೇ ಬಗೆಯದನ್ನೇ ಹಾಕಬೇಕಾದ ಭಾಗಗಳು. ಭಾರತದಲ್ಲಿ 2012ರ ಆದೇಶದ ಪ್ರಕಾರ 32 ಇಂಚು ಮತ್ತು ಅದಕ್ಕಿಂತ ದೊಡ್ಡ ಚಪ್ಪಟೆ ಟಿವಿಗಳಿಗೆ ಬಿಐಎಸ್ ನೋಂದಣಿ ಕಡ್ಡಾಯವಾಯಿತು, ಐಎಸ್ 616ರ ಸುರಕ್ಷತಾ ಪರೀಕ್ಷೆ ಆಗ ಅದರ ಆಧಾರವಾಗಿತ್ತು. ರಿಪೇರಿಯಲ್ಲಿ ಹಾಕಿದ ಒಂದು ಅಗ್ಗದ ಕೆಪಾಸಿಟರ್ ಆ ಪರೀಕ್ಷೆಯನ್ನೇ ವ್ಯರ್ಥ ಮಾಡಬಲ್ಲದು.

ಕೋಲ್ಡ್ ಭಾಗಕ್ಕೆ ಬಂದರೆ ಟಿವಿ ಎಚ್ಚರಗೊಳ್ಳುವುದಕ್ಕೆ ಒಂದು ಕ್ರಮವಿದೆ. ಮೊದಲು 5 ಅಥವಾ 3.3 ವೋಲ್ಟಿನ ಸ್ಟ್ಯಾಂಡ್‌ಬೈ, ಕೆಂಪು ದೀಪ. ರಿಮೋಟ್ ಒತ್ತಿದಾಗ ಮದರ್‌ಬೋರ್ಡಿನಿಂದ ಪಿಎಸ್-ಆನ್ ಸಂಕೇತ, ಅದಕ್ಕೆ ಉತ್ತರವಾಗಿ 12 ವೋಲ್ಟ್, ಬಳಿಕ ಬಿಎಲ್-ಆನ್, ಬ್ಯಾಕ್‌ಲೈಟ್ ಬೆಳಕು. ಈ ಹೆಸರುಗಳನ್ನು ಬಹುತೇಕ ಕಂಪನಿಗಳು ಬೋರ್ಡಿನ ಕನೆಕ್ಟರ್ ಪಕ್ಕದಲ್ಲೇ ಅಚ್ಚು ಹಾಕಿರುತ್ತವೆ. ಸರಪಳಿ ಎಲ್ಲಿ ಮುರಿದಿದೆ ಎಂದು ಮೀಟರಿನಲ್ಲಿ ನೋಡುವುದಕ್ಕೆ ಐದು ನಿಮಿಷ ಸಾಕು. ಸ್ಟ್ಯಾಂಡ್‌ಬೈ ಇದ್ದು ಪಿಎಸ್-ಆನ್ ಬಾರದಿದ್ದರೆ ಪವರ್ ಸಪ್ಲೈ ಬದಲಿಸಿ ಪ್ರಯೋಜನವಿಲ್ಲ. ಪಿಎಸ್-ಆನ್ ಬಂದು 12 ವೋಲ್ಟ್ ಬಾರದಿದ್ದರೆ ಮದರ್‌ಬೋರ್ಡ್ ಬದಲಿಸಿ ಪ್ರಯೋಜನವಿಲ್ಲ. 12 ವೋಲ್ಟ್ 9ಕ್ಕೆ ಇಳಿದು ಓಲಾಡುತ್ತಿದ್ದರೆ ಸೆಕೆಂಡರಿ ಕೆಪಾಸಿಟರುಗಳ ತಲೆ ಉಬ್ಬಿದೆಯೇ ನೋಡಬೇಕು, ಉಬ್ಬದಿದ್ದರೂ ಒಳಗಿನ ರೋಧ, ಅಂದರೆ ಇಎಸ್‌ಆರ್ ಅಳೆಯಬೇಕು, ಏಕೆಂದರೆ ಒಳಗೆ ಒಣಗಿದ ಕೆಪಾಸಿಟರ್ ಹೊರಗೆ ಹೊಸದರಂತೆಯೇ ಕಾಣುತ್ತದೆ. ಎಲ್ಲ ವೋಲ್ಟೇಜೂ ಸರಿಯಿದ್ದು ಲೋಗೋದಲ್ಲೇ ನಿಂತುಬಿಟ್ಟರೆ ಫ್ಲ್ಯಾಶ್ ಮೆಮೊರಿಯ ಸಾಫ್ಟ್‌ವೇರ್ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಎಲ್‌ಇಡಿ ಟಿವಿಗಳಲ್ಲಿ ಮತ್ತೆ ಮತ್ತೆ ಕಾಣುವ ದೂರು ಧ್ವನಿ ಇದೆ, ಚಿತ್ರ ಇಲ್ಲ ಎನ್ನುವುದು. ಇಲ್ಲಿ ಅವಸರದ ನಿರ್ಣಯ ಮಾಲೀಕನ ಜೇಬಿಗೆ ನೇರ ಪೆಟ್ಟು ಕೊಡುತ್ತದೆ, ಏಕೆಂದರೆ ಪ್ಯಾನೆಲ್ ಹೋಗಿದೆ ಎಂದುಬಿಟ್ಟರೆ ಸೆಟ್ ಗುಜರಿಗೆ. ಕೋಣೆಯ ದೀಪ ಆರಿಸಿ, ಟಿವಿ ಆನ್ ಮಾಡಿ ಮೆನು ಒತ್ತಿ, ಮೊಬೈಲಿನ ಟಾರ್ಚನ್ನು ಪರದೆಗೆ ತಾಗುವಷ್ಟು ಹತ್ತಿರ ಓರೆಯಾಗಿ ಹಿಡಿದು ನಿಧಾನವಾಗಿ ಸರಿಸಿದರೆ, ಬ್ಯಾಕ್‌ಲೈಟ್ ಮಾತ್ರ ಹೋಗಿರುವ ಸೆಟ್‌ನಲ್ಲಿ ಆ ಬೆಳಕಿನ ಸುತ್ತ ಮೆನುವಿನ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಕಂಡರೆ ಪ್ಯಾನೆಲ್ಲೂ ಅದಕ್ಕೆ ಚಿತ್ರದ ಸಂಕೇತ ಒದಗಿಸುವ ಟಿ-ಕಾನ್ ಬೋರ್ಡೂ ಜೀವಂತವಾಗಿವೆ. ಪರದೆಯ ಹಿಂದೆ ಎಲ್‌ಇಡಿಗಳನ್ನು ಪಟ್ಟಿಗಳ ಮೇಲೆ ಸಾಲಾಗಿ, ಒಂದರ ಬಾಲಕ್ಕೆ ಇನ್ನೊಂದರಂತೆ ಜೋಡಿಸಿರುತ್ತಾರೆ. 3 ವೋಲ್ಟಿನ 30 ಎಲ್‌ಇಡಿ ಎಂದರೆ 90 ವೋಲ್ಟು. ಒಂದು ಸತ್ತು ಓಪನ್ ಆದರೆ ಇಡೀ ಸಾಲು ಕತ್ತಲು. ಆಗ ಡ್ರೈವರ್ ಕರೆಂಟು ಹರಿಸಲೆಂದು ವೋಲ್ಟೇಜ್ ಏರಿಸುತ್ತಾ ಹೋಗಿ, ಮಿತಿ ಮುಟ್ಟಿದೊಡನೆ ಪ್ರೊಟೆಕ್ಷನ್‌ಗೆ ಹೋಗುತ್ತದೆ. ಆನ್ ಆದ ಕ್ಷಣ ಪರದೆ ಮಿಂಚಿ ಆರುವುದರ ಗುಟ್ಟು ಇದೇ. ಬ್ಯಾಕ್‌ಲೈಟ್ ಕನೆಕ್ಟರಿನಲ್ಲಿ ಮೀಟರ್ ಇಟ್ಟು ಸ್ವಿಚ್ ಹಾಕಿದವನಿಗೆ ಆ ಜಿಗಿತ ಕಾಣುತ್ತದೆ, ಡ್ರೈವರ್ ಸರಿಯಿದೆ, ಎಲ್‌ಇಡಿ ಹೋಗಿದೆ ಎಂದು ಪ್ಯಾನೆಲ್ ಬಿಚ್ಚುವ ಮೊದಲೇ ಗೊತ್ತಾಗುತ್ತದೆ. ಅಲ್ಲಿ ಹನ್ನೆರಡೇ ವೋಲ್ಟು ಎಂದು ಕೈ ಇಟ್ಟವನಿಗೂ ಬೇರೆ ರೀತಿಯಲ್ಲಿ ಗೊತ್ತಾಗುತ್ತದೆ, ಕೆಲವು ಸೆಟ್‌ಗಳಲ್ಲಿ ಅದು ನೂರೈವತ್ತು ದಾಟುವುದುಂಟು. ಅಂಗಡಿಗಳಲ್ಲಿ ಬಳಸುವ ಅಗ್ಗದ ಎಲ್‌ಇಡಿ ಟೆಸ್ಟರುಗಳ ತುದಿಯಲ್ಲೂ ಮುನ್ನೂರು ವೋಲ್ಟ್‌ವರೆಗೆ ಬರುವುದರಿಂದ ಅವನ್ನು ಆಟದ ಸಾಮಾನಿನಂತೆ ಹಿಡಿಯಬಾರದು.

ಪಟ್ಟಿ ಬದಲಿಸುವುದು ಕೈಚಳಕದ ಕೆಲಸ. ಗಾಜಿನ ಪ್ಯಾನೆಲನ್ನು ಇಬ್ಬರು ಹಿಡಿದು, ಅಂಚಿನಲ್ಲಿ ಇಳಿಬಿದ್ದಿರುವ ಕಾಫ್ ರಿಬ್ಬನ್ನುಗಳು ಮಡಚದಂತೆ ಎತ್ತಿ, ಡಿಫ್ಯೂಸರ್ ಹಾಳೆಗಳನ್ನು ತೆಗೆದ ಕ್ರಮದಲ್ಲೇ ಮುಖ ಮೇಲಾಗಿ ಇಡಬೇಕು. ಸತ್ತದ್ದು ಒಂದೇ ಎಲ್‌ಇಡಿ ಆದರೂ ಉಳಿದವೂ ಅಷ್ಟೇ ವಯಸ್ಸಿನವು, ಹಾಗಾಗಿ ಪೂರ್ತಿ ಸೆಟ್ ಬದಲಿಸುವುದನ್ನು ಸುಲಿಗೆ ಎನ್ನಲಾಗದು. ಆದರೆ ಅವು ಏಕೆ ಸತ್ತವು ಎಂಬ ಪ್ರಶ್ನೆಯನ್ನು ಕೇಳದೆ ಬಿಡುವುದು ಅರ್ಧ ರಿಪೇರಿ. ಪರದೆ ಬೆಳ್ಳಗೆ ಹೊಳೆಯಲೆಂದು ಹೆಚ್ಚು ಕರೆಂಟು ಕೊಟ್ಟು ಎಲ್‌ಇಡಿಗಳನ್ನು ಕಾಯಿಸುವ ಸೆಟ್‌ಗಳಲ್ಲಿ ಹೊಸ ಪಟ್ಟಿಯೂ ಅದೇ ದಾರಿ ಹಿಡಿಯುತ್ತದೆ. ಡ್ರೈವರಿನ ಸೆನ್ಸ್ ರೆಸಿಸ್ಟರ್ ಬದಲಿಸಿ ಕರೆಂಟನ್ನು ಕಾಲುಭಾಗದಷ್ಟು ತಗ್ಗಿಸಿದರೆ ಕಣ್ಣಿಗೆ ಹೆಚ್ಚು ವ್ಯತ್ಯಾಸ ತಿಳಿಯದು, ಆಯಸ್ಸು ಮಾತ್ರ ಹೆಚ್ಚುತ್ತದೆ. ಮಾಲೀಕನೂ ಮೆನುವಿನಲ್ಲಿ ಬ್ಯಾಕ್‌ಲೈಟ್ ಇಳಿಸಿಕೊಳ್ಳಬಹುದು. ಬ್ರೈಟ್‌ನೆಸ್ ಎಂದು ಬೇರೆ ಇರುವ ಸೆಟ್‌ಗಳಲ್ಲಿ ಅದು ಕಪ್ಪಿನ ಮಟ್ಟವನ್ನಷ್ಟೇ ಬದಲಿಸುತ್ತದೆ, ಎಲ್‌ಇಡಿಗೆ ಅದರಿಂದ ಉಪಕಾರವಿಲ್ಲ.

ಪರದೆಯ ಮೇಲಿನ ಗೆರೆಗಳ ವಿಷಯ ಚುಟುಕಾಗಿ ಹೇಳಬಹುದು. ಮೆನುವಿನ ಮೇಲೂ ಗೆರೆ ಇದ್ದರೆ ದೋಷ ಸೆಟ್ ಟಾಪ್ ಬಾಕ್ಸಿನದಲ್ಲ. ಪ್ಯಾನೆಲಿನ ಅಂಚನ್ನು ಮೆಲ್ಲಗೆ ಒತ್ತಿದಾಗ ಗೆರೆ ಬಂದು ಹೋದರೆ ಕಾಫ್ ಅಂಟು ಬಿಟ್ಟಿದೆ, ಅದು ಬೆಸುಗೆಗೆ ಬಗ್ಗುವುದಲ್ಲ, ಬಾಂಡಿಂಗ್ ಯಂತ್ರ ಬೇಕು. ಚಿತ್ರ ಬೆಳ್ಳಗಾಗಿಯೋ ನೆಗೆಟಿವ್‌ನಂತೆಯೋ ಕಂಡರೆ ಟಿ-ಕಾನ್ ಬೋರ್ಡಿನ ವಿಜಿಎಚ್, ವಿಜಿಎಲ್, ಎವಿಡಿಡಿ ಎಂಬ ವೋಲ್ಟೇಜುಗಳನ್ನು ಅಳೆಯಬೇಕು. ಇಪ್ಪತ್ತೈದು ಮೂವತ್ತರ ಪ್ಲಸ್ಸು, ಐದು ಹತ್ತರ ಮೈನಸ್ಸು, ಹದಿನೈದು ಹದಿನಾರರ ಸುತ್ತ ಒಂದು, ಹೀಗೆ ಸಾಮಾನ್ಯವಾಗಿ ಬರಬೇಕು. ರಿಬ್ಬನ್ನಿನ ಕೆಲವು ಪಿನ್ನುಗಳಿಗೆ ಟೇಪ್ ಅಂಟಿಸಿ ಚಿತ್ರ ತರಿಸುವ ಜನಪ್ರಿಯ ಉಪಾಯ ಕೆಲವೊಮ್ಮೆ ಫಲಿಸುವುದು ನಿಜ, ಪ್ಯಾನೆಲಿನ ಒಂದು ಬದಿಯ ಡ್ರೈವ್ ಕೆಟ್ಟು ಇನ್ನೊಂದು ಬದಿಯದು ಪೂರ್ತಿ ಹೊರೆ ಹೊರುತ್ತದೆ ಎನ್ನುವುದು ಅದರ ಅರ್ಥ. ಅದನ್ನು ಮಾಲೀಕನಿಗೆ ಬಾಯಿಬಿಟ್ಟು ಹೇಳಿಯೇ ಮಾಡಬೇಕು.

ಇಷ್ಟೆಲ್ಲ ಅಳೆಯುತ್ತಾ ಕೂತರೆ ಅಂಗಡಿ ನಡೆಯುವುದು ಹೇಗೆ, ಬೋರ್ಡ್ ಬದಲಿಸಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುವುದಿಲ್ಲವೇ ಎಂಬುದು ಕಸುಬಿನವರಿಂದಲೇ ಬರುವ ಆಕ್ಷೇಪ. ಅದರಲ್ಲಿ ತಿರುಳಿದೆ. ಬಿಡಿ ಭಾಗ ಸಿಗದ, ಸರ್ಕ್ಯೂಟ್ ನಕ್ಷೆ ಸಿಗದ ಸ್ಥಿತಿಯಲ್ಲಿ ಬೋರ್ಡ್ ಬದಲಿಸುವುದೇ ಎಷ್ಟೋ ಸಲ ಸರಿಯಾದ ರಿಪೇರಿ. ನನ್ನ ತಕರಾರು ಬದಲಿಸುವುದರ ಮೇಲಲ್ಲ, ಅಳೆಯದೆ ಬದಲಿಸುವುದರ ಮೇಲೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸಿಗುವ ಯೂನಿವರ್ಸಲ್ ಬೋರ್ಡನ್ನೇ ತೆಗೆದುಕೊಳ್ಳಿ. ಪ್ಯಾನೆಲಿಗೆ ಹೋಗುವ ವೋಲ್ಟೇಜ್ ಆರಿಸಲು ಅದರಲ್ಲಿ ಒಂದು ಪುಟ್ಟ ಜಂಪರ್ ಇರುತ್ತದೆ: 3.3, 5, 12. ಐದರ ಪ್ಯಾನೆಲಿಗೆ ಹನ್ನೆರಡರ ಜಂಪರ್ ಇಟ್ಟು ಸ್ವಿಚ್ ಹಾಕಿದರೆ ಪ್ಯಾನೆಲ್ ಅಲ್ಲಿಗೆ ಮುಗಿಯಿತು, ಇಡೀ ಸೆಟ್‌ನಲ್ಲಿ ಅತಿ ದುಬಾರಿ ಭಾಗ ಅದೇ. ಪ್ಯಾನೆಲಿನ ಹಿಂದಿನ ಲೇಬಲ್ ಓದಿ, ಕೇಬಲ್ ಹಾಕುವ ಮೊದಲು ಜಂಪರಿನ ಬಳಿ ವೋಲ್ಟೇಜ್ ಅಳೆಯುವುದಕ್ಕೆ ಎಷ್ಟು ಹೊತ್ತು? ಇನ್ನು, ಬ್ಯಾಕ್‌ಲೈಟ್ ಸಾಲು ಶಾರ್ಟ್ ಆಗಿರುವ ಸೆಟ್‌ಗೆ ಹೊಸ ಪವರ್ ಬೋರ್ಡ್ ಹಾಕಿದರೆ ಹಳೆಯದನ್ನು ಕೊಂದ ಕಾರಣ ಹೊಸದನ್ನೂ ಕೊಲ್ಲಬಹುದು. ವೇಗದ ಲೆಕ್ಕ ಹಾಕುವಾಗ ವಾಪಸ್ ಬರುವ ಸೆಟ್‌ಗಳ ಲೆಕ್ಕವನ್ನೂ ಹಾಕಬೇಕು.

ಟಿವಿ ಇಷ್ಟು ಅಗ್ಗವಾಗಿರುವಾಗ ರಿಪೇರಿ ಯಾಕೆ ಎನ್ನುವುದು ಎರಡನೆಯ ಆಕ್ಷೇಪ. ಒಡೆದ ಪ್ಯಾನೆಲಿನ ಮಟ್ಟಿಗೆ ಅದನ್ನು ಒಪ್ಪುತ್ತೇನೆ. ಆದರೆ ಹತ್ತಾರು ರೂಪಾಯಿಯ ಕೆಪಾಸಿಟರಿಗೋ ಒಂದು ಜೊತೆ ಎಲ್‌ಇಡಿ ಪಟ್ಟಿಗೋ ಇಡೀ ಸೆಟ್ ಎಸೆಯುವುದನ್ನು ಒಪ್ಪಲಾಗದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಟಿವಿಯೂ ಇದೆ. ತಯಾರಕರಿಗೆ ಅವು ಮುಖ್ಯವಾಗಿ ಹೊರಿಸುವುದು ಮರುಬಳಕೆ ಸಂಸ್ಕರಣೆಯ ಗುರಿಗಳನ್ನು. ಸಿಸಿಎಫ್ಎಲ್ ಟ್ಯೂಬುಗಳಲ್ಲಿ ಪಾದರಸ ಇದೆ, ಗುಜರಿಯಲ್ಲಿ ಅವನ್ನು ಒಡೆಯುವವರ ಮೂಗಿಗೆ ಅದು ಹೋಗುತ್ತದೆ. ರಿಪೇರಿಯಿಂದ ಇನ್ನೂ ಕೆಲವು ವರ್ಷ ಬಾಳುವ ಒಂದೊಂದು ಸೆಟ್ಟೂ ಆ ಹೊರೆಯನ್ನು ಅಷ್ಟು ಮುಂದಕ್ಕೆ ಹಾಕುತ್ತದೆ.

ಹಾಗಾದರೆ ಮಾಲೀಕರು ತಾವೇ ಬಿಚ್ಚಬೇಕೇ? ಮೇಲಿನದನ್ನೆಲ್ಲ ಅಭ್ಯಾಸ ಮಾಡದವರು ಹಿಂದಿನ ಮುಚ್ಚಳ ತೆಗೆಯಬಾರದು, ಇದರಲ್ಲಿ ರಾಜಿಯಿಲ್ಲ. ಹೊರಗಿನಿಂದಲೇ ಮಾಡಬಹುದಾದದ್ದು ಬಹಳಷ್ಟಿದೆ. ಟಾರ್ಚಿನ ಪರೀಕ್ಷೆ, ಮೆನುವಿನ ಪರೀಕ್ಷೆ, ಬೇರೆ ಎಚ್‌ಡಿಎಂಐ ಕೇಬಲ್, ಕೆಂಪು ದೀಪ ಎಷ್ಟು ಸಲ ಮಿಟುಕುತ್ತದೆ ಎಂದು ಎಣಿಸಿ ಮೆಕ್ಯಾನಿಕ್ಕಿಗೆ ಹೇಳುವುದು. ದೋಷಕ್ಕೆ ಕಾರಣ ಮನೆಯ ವೈರಿಂಗಿನಲ್ಲೇ ಇರಬಹುದು. ಕಂಬದಲ್ಲಿ ನ್ಯೂಟ್ರಲ್ ಸಡಿಲವಾದರೆ ಕಡಿಮೆ ಹೊರೆಯ ಫೇಸಿನ ಮನೆಗಳಲ್ಲಿ ವೋಲ್ಟೇಜ್ 400ರ ಹತ್ತಿರಕ್ಕೆ ಏರಬಹುದು, ಒಂದೇ ಬೀದಿಯ ಹಲವು ಟಿವಿಗಳು ಒಟ್ಟಿಗೆ ಸುಡುವುದಕ್ಕೆ ಇದು ಸಾಮಾನ್ಯ ಕಾರಣ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲಿನ ಸರ್ಜ್ ಕರೆಂಟಿನ ತಂತಿಯಲ್ಲಷ್ಟೇ ಅಲ್ಲ, ಡಿಶ್ ಕೇಬಲಿನಲ್ಲೂ ಬರುತ್ತದೆ. ಪ್ಲಗ್ ಕಿತ್ತು ಕೇಬಲ್ ಬಿಟ್ಟವರ ಸೆಟ್‌ನಲ್ಲಿ ಟ್ಯೂನರ್ ಅಥವಾ ಎಚ್‌ಡಿಎಂಐ ಭಾಗ ಸುಡುವುದು ಹೀಗೆ. ಈಗಿನ ಬಹುತೇಕ ಸೆಟ್‌ಗಳು 100ರಿಂದ 240 ವೋಲ್ಟ್‌ವರೆಗೆ ತಾವೇ ಸಂಭಾಳಿಸುವುದರಿಂದ ಕಡಿಮೆ ವೋಲ್ಟೇಜಿಗೆಂದು ಸ್ಟೆಬಿಲೈಸರ್ ಬೇಕಿಲ್ಲ, ಮಿತಿ ಮೀರಿದ ವೋಲ್ಟೇಜಿಗೆ ಕಡಿದುಹಾಕುವ ಸಾಧನ ಮತ್ತು ಸರಿಯಾದ ಅರ್ತಿಂಗ್ ಬೇಕು.

ಅಳೆದು ರಿಪೇರಿ ಮಾಡು ಎಂದು ಮೆಕ್ಯಾನಿಕ್ಕಿಗೆ ಹೇಳುವುದು ಸುಲಭ. ಎಲ್ಲಿ ಎಷ್ಟು ಬರಬೇಕು ಎಂಬುದೇ ಗೊತ್ತಿಲ್ಲದವನು ಅಳೆದು ಏನು ಮಾಡಬೇಕು? ಇಲ್ಲಿ ಹೊಣೆ ತಯಾರಕರ ಕಡೆಗೆ ತಿರುಗುತ್ತದೆ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಸರ್ಕ್ಯೂಟ್ ನಕ್ಷೆಗಳು ಪುಸ್ತಕಗಳಾಗಿಯೇ ಮಾರುಕಟ್ಟೆಯಲ್ಲಿ ಸಿಗುತ್ತಿದ್ದವು. ಇಂದು ಹೊರಗಿನ ಮೆಕ್ಯಾನಿಕ್ಕನಿಗೆ ಸರ್ವಿಸ್ ಮ್ಯಾನ್ಯುಯಲ್ ಸಿಗುವುದೇ ಅಪರೂಪ. ಐರೋಪ್ಯ ಒಕ್ಕೂಟ 2021ರ ಮಾರ್ಚ್‌ನಿಂದ ಟಿವಿಗಳ ಪವರ್ ಸಪ್ಲೈ, ಕನೆಕ್ಟರುಗಳು, ಕೆಪಾಸಿಟರುಗಳಂಥ ಭಾಗಗಳು ವೃತ್ತಿಪರ ರಿಪೇರಿಯವರಿಗೆ, ಆ ಮಾಡೆಲಿನ ಕೊನೆಯ ಸೆಟ್ ಮಾರುಕಟ್ಟೆಗೆ ಬಂದ ಮೇಲೂ ಕನಿಷ್ಠ ಏಳು ವರ್ಷ ಸಿಗಬೇಕೆಂದು ವಿಧಿಸಿದೆ. ಫ್ರಾನ್ಸ್ ಅದೇ ವರ್ಷ ಟಿವಿಗಳಿಗೆ ರಿಪೇರಿಯೋಗ್ಯತೆಯ ಅಂಕ ಕಡ್ಡಾಯ ಮಾಡಿತು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತುಗಳು, ವಾಹನಗಳು ಅದರ ವ್ಯಾಪ್ತಿಯಲ್ಲಿವೆ. ಆದರೆ ಪೋರ್ಟಲಿನ ಮೂಲಕ ಮಾಹಿತಿ ಕೊಡಿ ಎಂದು ಕೇಳುವುದು ಒಂದು, ಕೊಡಲೇಬೇಕು ಎನ್ನುವುದು ಇನ್ನೊಂದು. ನಕ್ಷೆ ಹೊರಬಿಟ್ಟರೆ ಅರಿಯದವರು ಕೈ ಹಾಕಿ ಸಾಯುತ್ತಾರೆ ಎಂದು ಕಂಪನಿಗಳು ವಾದಿಸುತ್ತವೆ. ಕೈ ಹಾಕುವುದು ಹೇಗೂ ನಡೆದೇ ಇದೆ, ನಕ್ಷೆ ಇಲ್ಲದೆ ನಡೆದಿದೆ. ಮ್ಯಾನ್ಯುಯಲ್ ಪೂರ್ತಿ ಕೊಡದಿದ್ದರೂ ಹಾಟ್ ಭಾಗದ ಗಡಿ, ಕೆಪಾಸಿಟರ್ ಮೇಲಿನ ವೋಲ್ಟೇಜ್, ಕನೆಕ್ಟರಿನ ಒಂದೊಂದು ಪಿನ್ನಿನ ಹೆಸರು ಮತ್ತು ಅಂಕಿ, ಬ್ಯಾಕ್‌ಲೈಟಿನ ವೋಲ್ಟೇಜ್ ಮತ್ತು ಕರೆಂಟು, ಇಷ್ಟನ್ನು ಎಲ್ಲ ತಯಾರಕರೂ ಪ್ರತಿ ಬೋರ್ಡಿನ ಮೇಲೆ ಓದುವಂತೆ ಅಚ್ಚು ಹಾಕಲೇಬೇಕೆಂದು ಬಿಐಎಸ್ ನೋಂದಣಿಯ ಷರತ್ತಿನಲ್ಲೇ ಸೇರಿಸಬಹುದು. ಬೋರ್ಡಿನ ಮೇಲೆ ಅಚ್ಚು ಹೇಗೂ ಬೀಳುತ್ತದೆ, ಅದಕ್ಕೆ ಇನ್ನು ನಾಲ್ಕು ಸಾಲು ಸೇರಬೇಕು, ಅಷ್ಟೆ.